ಮಗ್ಗದ ಗುಂಡಿಯಲ್ಲಿ ಬಿಯರು

ಮಾವು ನಮ್ಮದು, ಕಾಫಿ ನಮ್ಮದು, ರಾಗಿ ನಮ್ಮದು. ಬಿಯರು ಮಾತ್ರ ಬೆಂಗಳೂರಿನದೇ? ಛೇ! ಸೇಲಂ ಜಿಲ್ಲೆಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿರಲಾರದು! ಈ ಅನ್ಯಾಯವನ್ನು ನಾನೊಬ್ಬನೇ, ನನ್ನ ಮನೆಯಲ್ಲೇ, ನನ್ನ ಕೈಯಾರೆ ಸರಿಪಡಿಸುತ್ತೇನೆಂದು ಶಪಥ ಮಾಡಿದೆ.

ಶಪಥ ಮಾಡಿದವನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ನಾನು ಅರುಣಾಚಲಂ. ಶಂಕಗಿರಿಯ ಒಂದು ಲಾರಿ ಆಫೀಸಿನಲ್ಲಿ ಬುಕಿಂಗ್ ಗುಮಾಸ್ತ. ಮನೆ ಸೇಲಂನ ಗುಗೈ ಬಡಾವಣೆಯಲ್ಲಿ. ಹುಟ್ಟಿದ್ದು ಕನ್ನಡ ಮಾತಾಡುವ ನೇಕಾರರ ಮನೆಯಲ್ಲೇ ಆದರೂ ನನಗೂ ನೂಲಿಗೂ ಆಗಿಬರಲಿಲ್ಲ. ಅಪ್ಪ ನನ್ನನ್ನು ಮಗ್ಗಕ್ಕೆ ಕೂರಿಸಿದ ಮೊದಲ ದಿನವೇ ನಾನು ನೇಯ್ದದ್ದನ್ನು ಎತ್ತಿ ಹಿಡಿದು, "ಇದು ಬಟ್ಟೆಯಾ ಮೀನ್ ಬಲೆಯಾ ಲಾ?" ಎಂದು ಕೇಳಿ, ನನ್ನನ್ನು ಲಾರಿಗಳಿಗೆ ದಾನ ಮಾಡಿಬಿಟ್ಟರು. ನನಗೆ ಕಲಿಸಲಾಗದ್ದನ್ನೆಲ್ಲ ಅವರು ಸೊಸೆಗೆ ಕಲಿಸಿದರು. ನನ್ನ ಹೆಂಡತಿ ಸತ್ಯಾ ಇವತ್ತು ಬಿಳಿ ರೇಷ್ಮೆ ನೇಯ್ದರೆ ಹಾಲಿನ ಕೆನೆ ಮೇಲೆ ಗೆರೆ ಎಳೆದಂತಿರುತ್ತದೆ. ಮನೆಯ ನಡುಕೋಣೆಯಲ್ಲಿ ಎರಡು ಗುಂಡಿಮಗ್ಗ ಇದ್ದವು. ನೇಯುವವರು ನೆಲದ ಮಟ್ಟದಲ್ಲಿ ಕೂತು, ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು, ಅಲ್ಲಿ ಪೆಡಲು ತುಳಿಯುತ್ತಾರೆ. ಅಪ್ಪ ಹೋದ ಮೇಲೆ ಅವರ ಮಗ್ಗವನ್ನು ಬಿಚ್ಚಿಟ್ಟೆವು. ಗುಂಡಿ ಮಾತ್ರ ಉಳಿಯಿತು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಚಾಪೆ.

ಆಫೀಸಿನವರು ಒಮ್ಮೆ ನಮ್ಮನ್ನೆಲ್ಲ ಬೆಂಗಳೂರಿನ 'ತಾಮ್ರಹಂಡೆ' ಎಂಬ ಬ್ರೂವರಿಗೆ ಕರೆದೊಯ್ದರು. ಅಲ್ಲೇ ಕಾಯಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಗ್ಲಾಸಿಗೆ ಸುರಿದುಕೊಡುವ ಜಾಗ. ಮೂರು ಬಿಯರು ಕುಡಿದೆ. ಒಂದು ರಾಗಿಯದು, ಮಳೆ ಬಿದ್ದ ಮಣ್ಣಿನ ಹಾಗೆ ಘಮ್ಮೆನ್ನುವಂಥದ್ದು. ಒಂದು ಮಾವಿನದು. ಇನ್ನೊಂದು ಕಾಫಿ ಹಾಕಿದ ಕಪ್ಪು ಬಿಯರು. ಅದನ್ನು ಕುಡಿದಾಗ ನನ್ನ ಕಣ್ಣಲ್ಲಿ ನಿಜಕ್ಕೂ ನೀರು ಬಂತು! ಗಡ್ಡದ ಹುಡುಗನೊಬ್ಬ ಬಂದು, "ಸರ್, ಈ ಕಾಫಿ ಏರ್ಕಾಡಿಂದ ತರಿಸ್ತೀವಿ, ಮಾವು ಸೇಲಂದು" ಎಂದ. ನನ್ನ ಶಪಥ ಹುಟ್ಟಿದ್ದು ಆ ಕ್ಷಣದಲ್ಲಿ. ನಮ್ಮ ಮಾವನ್ನು ನಮಗೇ ಮಾರುತ್ತಾನಲ್ಲ!

ಊರಿಗೆ ಬಂದು ಮೊಬೈಲಿನಲ್ಲಿ ಎಲ್ಲ ವಿಡಿಯೋಗಳನ್ನೂ ನೋಡಿದೆ. ಇಡ್ಲಿ ಹಿಟ್ಟು ಹುದುಗುವುದಕ್ಕೂ ಬಿಯರು ಹುದುಗುವುದಕ್ಕೂ ಏನು ವ್ಯತ್ಯಾಸ? ಒಂದನ್ನು ಬೇಯಿಸುತ್ತಾರೆ, ಇನ್ನೊಂದನ್ನು ಕುಡಿಯುತ್ತಾರೆ, ಅಷ್ಟೇ! ನಮ್ಮ ಆಫೀಸಿನ ಲಾರಿ ಡ್ರೈವರ್ ಸೆಲ್ವಂಗೆ ಸಾಮಾನಿನ ಹೆಸರುಗಳನ್ನು ಬಾಯಿಪಾಠ ಮಾಡಿಸಿ ಕಳಿಸಿದೆ. ಬೆಂಗಳೂರಿನಿಂದ ಬಂದವನು ಗುಟ್ಟಾಗಿ ಹೇಳಿದ:

"ಅಣ್ಣಾ, ಮಾಲ್ಟು ಬಂತು, ಈಸ್ಟು ಬಂತು, ಆಪ್ಸೂ ಬಂತು."

ಹಾಪ್ಸ್ ಎಂದರೆ ಬಿಯರಿಗೆ ಕಹಿ ಕೊಡುವ ಒಂದು ಹೂವು. ನಮ್ಮ ಕಡೆ ಹಕಾರ ಬಾಯಿಗೆ ಹತ್ತುವುದಿಲ್ಲ. ತಮಿಳಿನಲ್ಲಿ 'ಆಪ್ಪು' ಎಂದರೆ ಬೆಣೆ. 'ಅವನಿಗೆ ಆಪ್ಪು ಬಿತ್ತು' ಎಂದರೆ ಅವನ ಕಥೆ ಮುಗಿಯಿತು ಎಂದರ್ಥ. ನನಗೆ ಬೀಳಲಿದ್ದ ಆಪ್ಪನ್ನು ನಾನೇ ಲಾರಿ ಬಾಡಿಗೆ ಕೊಟ್ಟು ತರಿಸಿಕೊಂಡಿದ್ದೆ!

"ಒಂದ್ ವಿಷ್ಯ ಅಣ್ಣಾ," ಎಂದ ಸೆಲ್ವಂ, "ಮನೇಲಿ ಕಾಯ್ಸೋದು ತಪ್ಪು. ಪೊಲೀಸು ಗಿಲೀಸು ಬಂದ್ರೆ ಸೆಲ್ವಂ ಯಾರಂತ ನಿಂಗೆ ತೆರಿಯಾದು, ಗೊತ್ತೇ ಇಲ್ಲ."

"ಪೊಲೀಸು ಯಾಕ್ ಬತ್ತಾರೆ ಲಾ? ನಾನೇನು ಮಾರ್ತೀನಾ? ಇದು ಕಲೆ!"

"ಕಲೆ ಅಂತ ಅವ್ರಿಗೇಳು. ನನ್ ಎಸ್ರು ಮಾತ್ರ ಏಳ್ಬೇಡ."

ಹರಕೆ ತೀರಿಸಲು ಸತ್ಯಾ ಮತ್ತು ನನ್ನ ತಾಯಿ ಮಾರಿಯಮ್ಮ ಪಾಲಮಲೆ ಬೆಟ್ಟ ಹತ್ತಿದ ದಿನ ನಾನು ಒಲೆ ಹತ್ತಿಸಿದೆ. ರೇಷ್ಮೆ ನೂಲು ಬೇಯಿಸುವ ದೊಡ್ಡ ಹಂಡೆಯೇ ನನ್ನ ಬ್ರೂವರಿ. ರಾಗಿ ಪೆನ್ನಾಗರಂನದು, ಮಾವು ನಮ್ಮ ಮಲ್ಗೋವಾ, ಕಾಫಿ ಏರ್ಕಾಡಿನದು. ಮೂರು ಬಗೆ ಕಾಯಿಸಿ, ಮೂರು ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಹಿತ್ತಿಲಲ್ಲಿ ಸಾಲಾಗಿ ನಿಲ್ಲಿಸಿದೆ. ಬೆಟ್ಟ ಇಳಿದು ಬಂದ ಅಮ್ಮ ಮೂಗು ಮುಚ್ಚಿಕೊಂಡೇ ಒಳಗೆ ಬಂದಳು.

"ಏನ್ಲಾ ಇದು ನಾತ?"

"ಪಂಚಗವ್ಯ ಅಮ್ಮಾ. ಸೆಗಣಿ, ಗಂಜಲ, ಆಲು, ಮೊಸ್ರು, ತುಪ್ಪ. ಉದುಗಿಸಿ ಗಿಡಕ್ಕೆ ಆಕೋದು. ಇಯರ್ಕೈ, ಸಾವಯವ ಗೊಬ್ರ!"

"ನಮ್ಮನೇಲಿ ಗಿಡ ಎಲ್ಲೈತೆ?"

"ತುಳ್ಸಿ ಐತಲ್ಲ."

"ಒಂದ್ ತುಳ್ಸಿಗೆ ಮೂರ್ ಡ್ರಮ್ಮಾ?"

ಸತ್ಯಾ ಡ್ರಮ್ಮುಗಳನ್ನು ಕಣ್ಣಲ್ಲೇ ಎಣಿಸಿ ಒಳಗೆ ಹೋದಳು. ಅವಳು ಕೇಳದಿದ್ದಾಗಲೇ ನನಗೆ ಹೆಚ್ಚು ಭಯ.

ಹುದುಗು ಅಡಗಿದ ಮೇಲೆ ಅದನ್ನು ಬಾಟಲಿಗೆ ತುಂಬಿ, ಪ್ರತಿ ಬಾಟಲಿಗೂ ಒಂದು ಚಿಟಿಕೆ ಸಕ್ಕರೆ ಹಾಕಿ ಮುಚ್ಚಬೇಕು. ಆಗ ಒಳಗೆ ಗ್ಯಾಸು ಕೂಡಿ ನೊರೆ ಬರುತ್ತದೆ ಎಂದು ವಿಡಿಯೋದವನು ಹೇಳಿದ್ದ. ಚಿಟಿಕೆಯೇ? ಎಂಥ ಜಿಪುಣ ಜನ! ನಮ್ಮ ಧರ್ಮಪುರಿ ಬೆಲ್ಲ ಇರುವಾಗ ಚಿಟಿಕೆಯ ಮಾತೇಕೆ? ಒಂದೊಂದು ಬಾಟಲಿಗೆ ಒಂದೊಂದು ಉಂಡೆ ತುರುಕಿದೆ. ಬಾಟಲಿಗಳು ಗುಜರಿ ಅಂಗಡಿಯವು, ಗಾಜಿನವು. ಸತ್ಯಾ ನೇಕಾರರ ಸಂಘಕ್ಕೆ ಹೋದ ಹೊತ್ತು ನೋಡಿ, ಅಷ್ಟನ್ನೂ ಅಪ್ಪನ ಮಗ್ಗದ ಗುಂಡಿಗೆ ಇಳಿಸಿದೆ. ತಂಪು, ಕತ್ತಲು! 'ತಾಮ್ರಹಂಡೆ'ಯವರ ನೆಲಮಾಳಿಗೆಯೂ ಇಷ್ಟು ಚೆನ್ನಾಗಿರಲಾರದು. ಹಲಗೆ ಮುಚ್ಚಿ, ಚಾಪೆ ಹಾಸಿ, ಅದರ ಮೇಲೆ ಕೂತು ಮೀಸೆ ತಿರುವಿದೆ.

ಸಂಘಕ್ಕೆ ಹೋಗಿದ್ದ ಸತ್ಯಾ ಮುಖವೆಲ್ಲ ಬೆಳಕು ಮಾಡಿಕೊಂಡು ಬಂದಳು.

"ಏನ್ರೀ, ಜಿಲ್ಲೆಯ ಒಳ್ಳೆ ನೇಕಾರರ ಬಹುಮಾನಕ್ಕೆ ನನ್ ಎಸ್ರು ಓಗೈತಂತೆ! ಕೈಮಗ್ಗ ಇಲಾಖೆ ಮೇಡಂ ಮನೆಗೇ ಬತ್ತಾರೆ. ಅವ್ರ ಕಣ್ಮುಂದೆ ನೇಯ್ಬೇಕು. ಅಂಚಿನ ಉವ್ವು ಮುಗಿಯೋ ತನ್ಕ ನಿಲ್ಲಿಸ್ಬಾರ್ದು. ನಿಲ್ಲಿಸಿದ್ರೆ ಬಟ್ಟೇಲಿ ಗೆರೆ ಬೀಳ್ತೈತೆ, ಔಟು!"

ಅವಳು ಇಷ್ಟೊಂದು ಮಾತನ್ನು ಒಂದೇ ಉಸಿರಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಇಷ್ಟು ವರ್ಷ ನೇಯ್ದರೂ ಬೀದಿಯಲ್ಲಿ ಅವಳನ್ನು ನೇಕಾರ್ತಿ ಎಂದು ಯಾರೂ ಕರೆದಿರಲಿಲ್ಲ. 'ಮಗ್ಗದಲ್ಲಿ ಸ್ವಲ್ಪ ಕೈ ಆಡಿಸುತ್ತಾಳೆ' ಎನ್ನುತ್ತಿದ್ದರು. ಮಗ್ಗದ ಮೇಲಿದ್ದ ಬಿಳಿ ರೇಷ್ಮೆ ವೇಷ್ಟಿಯ, ಅಂದರೆ ಪಂಚೆಯ, ಮೇಲೆ ಅವಳು ಅಂದಿನಿಂದ ನೊಣ ಕೂರಲೂ ಬಿಡಲಿಲ್ಲ. ನನಗೂ ಹೆಮ್ಮೆಯಾಯಿತು. ಬಹುಮಾನ ಬಂದ ದಿನ ನನ್ನ ಕಪ್ಪು ಬಿಯರನ್ನು ಬಿಡುಗಡೆ ಮಾಡುವುದೆಂದು ನಿರ್ಧರಿಸಿದೆ.

ಬಿಯರು ಅಲ್ಲಿಯವರೆಗೆ ಕಾಯಲಿಲ್ಲ!

ಮೇಡಂ ಬರುವ ದಿನ ಬೆಳಿಗ್ಗೆ. ಚಿತ್ತಿರೈ ತಿಂಗಳ ಬಿಸಿಲು. ಸೇಲಂ ಅಂದರೆ ಒಲೆ. ಸತ್ಯಾ ಮಗ್ಗಕ್ಕೆ ಪೂಜೆ ಮಾಡುತ್ತಿದ್ದಾಳೆ. ಚಾಪೆಯ ಕೆಳಗಿನಿಂದ, "ಟಪ್!"

"ಏನ್ರೀ ಸದ್ದು?"

"ಎಗ್ಗಣ."

"ಎಗ್ಗಣ ಟಪ್ ಅನ್ತದಾ?" ಎಂದಳು ಅಮ್ಮ.

"ಇದು ದೊಡ್ಡ ಎಗ್ಗಣ ಅಮ್ಮಾ."

ಸತ್ಯಾ ಸೀರೆ ಬದಲಿಸಲು ಒಳಗೆ ಹೋದಳು, ಅಮ್ಮ ಹಾಲು ತರಲು ಹೋದಳು. ನಾನು ಬೈಕಿನ ಹೆಲ್ಮೆಟ್ಟು ಹಾಕಿಕೊಂಡು, ಕಂಬಳಿ ಹೊದ್ದು, ಹಲಗೆ ಎತ್ತಿ ನೋಡಿದೆ. ಒಂದು ಬಾಟಲಿ ಚೂರಾಗಿದೆ. ಉಳಿದವು ನೆಟ್ಟಗೆ ನಿಂತು ನನ್ನನ್ನೇ ನೋಡುತ್ತಿವೆ. ಮುಚ್ಚಳಗಳೆಲ್ಲ ಹಪ್ಪಳದಂತೆ ಉಬ್ಬಿವೆ. ಯಾವುದನ್ನು ಮುಟ್ಟಿದರೂ ಸಿಡಿಯುತ್ತದೆ, ಮುಟ್ಟದಿದ್ದರೂ ಸಿಡಿಯುತ್ತದೆ. ಸೆಲ್ವಂಗೆ ಫೋನು ಮಾಡಿದೆ.

"ಸೆಲ್ವಂ, ಬಾಟ್ಲು ಒಡೀತಾ ಐತೆ ಲಾ!"

"ರಾಂಗ್ ನಂಬರ್ ಸಾರ್," ಎಂದು ಇಟ್ಟುಬಿಟ್ಟ.

ಒಂದನ್ನಾದರೂ ಮೆಲ್ಲಗೆ ಎತ್ತಿ ಹಿತ್ತಿಲಿಗೆ ಸಾಗಿಸೋಣವೆಂದು ಕೈ ಚಾಚಿದೆ. ಬಾಗಿಲಲ್ಲಿ ಜೀಪು ನಿಂತಿತು. ಹೇಳಿದ್ದಕ್ಕಿಂತ ಬೇಗ! ಸರ್ಕಾರಿ ಇಲಾಖೆ ಸಮಯಕ್ಕೆ ಮುಂಚೆ ಬಂದದ್ದು ಇತಿಹಾಸದಲ್ಲೇ ಮೊದಲು, ಅದೂ ನಮ್ಮ ಮನೆಗೇ ಆಗಬೇಕೇ? ಹಲಗೆ ಎಳೆದೆ, ಚಾಪೆ ಹಾಸಿದೆ, ಹೆಲ್ಮೆಟ್ಟನ್ನು ಕಿತ್ತು ಒಗೆದೆ.

ಬಂದವರು ಇಬ್ಬರು. ಅಧಿಕಾರಿ ಕಲೈವಾಣಿ ಮೇಡಂ. ತಮಿಳಿನವರು, ಕನ್ನಡಕದ ಮೇಲಿನಿಂದ ನೋಡುವವರು. ಜೊತೆಗೆ ತೀರ್ಪು ಹೇಳಲು ಬಂದ ಹಿರಿಯ ನೇಕಾರ ಮುರುಗೇಶನ್. ನಮ್ಮ ಭಾಷೆಯವರೇ, ಆದರೆ ಬಟ್ಟೆಯೊಂದನ್ನು ಬಿಟ್ಟು ಲೋಕದಲ್ಲಿ ಬೇರೇನನ್ನೂ ನೋಡದವರು. ಮೇಡಂ ಕುರ್ಚಿಯನ್ನು ತಾವೇ ಎಳೆದುಕೊಂಡು ಸೀದಾ ಚಾಪೆಯ ಮೇಲಿಡಲು ಹೊರಟರು.

"ಅಯ್ಯೋ ಮೇಡಂ, ಅಂಗೆ ವೇಂಡಾಂ!" ಎಂದು ಕೂಗಿ, ನಾನೇ ಚಾಪೆಯ ನಟ್ಟನಡುವೆ ಪದ್ಮಾಸನ ಹಾಕಿ ಕೂತುಬಿಟ್ಟೆ. "ಅದು... ನಮ್ಮಪ್ಪಂದು ಜಾಗ. ಮಗ ಮಾತ್ರ ಕೂರ್ಬೇಕು."

ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. ಮೇಡಂ ಮಾತ್ರ, "ಅಪ್ಪಾ ಮೇಲೆ ಎನ್ನ ಮರಿಯಾದೈ!" ಎಂದು ಮೆಚ್ಚಿ, ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಹಾಕಿಕೊಂಡರು.

ಸತ್ಯಾ ಗುಂಡಿಗೆ ಕಾಲಿಳಿಸಿ ಕೂತಳು. ಮಗ್ಗದ ಮರದ ದಂಡೆಗೆ ಕೈಮುಗಿದಳು. ಲಾಳಿ ಓಡತೊಡಗಿತು. ಟಕ್, ಟಕ್, ಟಕ್. ಮುರುಗೇಶನ್ ಬಟ್ಟೆಯ ಮೇಲೆ ಬಗ್ಗಿದರು. ಕೋಣೆಯಲ್ಲಿ ಅದೊಂದೇ ಸದ್ದು.

"ಟುಸ್ಸ್..."

ಸದ್ದು ನನ್ನ ಕೆಳಗಿನಿಂದ ಬಂತು. ಎಲ್ಲರೂ ನನ್ನನ್ನು ನೋಡಿದರು. ಮರ್ಯಾದೆ ದೊಡ್ಡದೋ, ಗುಟ್ಟು ದೊಡ್ಡದೋ? ಹೊಟ್ಟೆ ಹಿಡಿದುಕೊಂಡು ಹೇಳಿದೆ: "ಗ್ಯಾಸು ಮೇಡಂ."

"ಪರವಾಯಿಲ್ಲೆ," ಎಂದು ಮೇಡಂ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು.

"ಟಪ್!"

"ಇದೂ ಗ್ಯಾಸಾ?" ಅಮ್ಮ ಕೇಳಿದಳು.

"ಊಂ ಅಮ್ಮಾ."

"ಇಂಗು ತಿನ್ಲಾ ಅಂದ್ರೆ ಕೇಳಾಕಿಲ್ಲ!" ಎಂದವಳು ಒಳಗೋಡಿ ಇಂಗಿನ ನೀರು ತಂದು ನನ್ನ ಬಾಯಿಗೆ ಹಿಡಿದಳು. ಕುಡಿದೆ. ಕೆಳಗೆ ಇನ್ನೊಂದು ಸಿಡಿಯಿತು. ಹಲಗೆಯ ಮೂಲಕ ಆ ಪೆಟ್ಟು ನೇರ ನನ್ನ ಬೆನ್ನುಮೂಳೆಗೆ ಏರಿತು. ನಾನು ಅಂಗುಲ ಮೇಲೆ ಹಾರಿ ಮತ್ತೆ ಪದ್ಮಾಸನಕ್ಕೆ ಬಿದ್ದೆ. ಮೇಡಂ ಕುರ್ಚಿ ಈಗ ಬಾಗಿಲಿಗೆ ತಲುಪಿತ್ತು.

ನಗಬೇಡಿ. ಆ ಹೊತ್ತಿನಲ್ಲಿ ನನಗೆ ನಗು ಬಂದಿರಲಿಲ್ಲ. ಸತ್ಯಾಳ ಬೆನ್ನು ನನಗೆ ಕಾಣುತ್ತಿತ್ತು. ಹೂವು ಅರ್ಧ ಮುಗಿದಿದೆ. ಕತ್ತಿನಲ್ಲಿ ಬೆವರು ಇಳಿಯುತ್ತಿದೆ. ಒರೆಸಿಕೊಳ್ಳಲು ಅವಳು ಕೈ ಬಿಡುವಂತಿಲ್ಲ. ಇತ್ತ ಕೋಣೆಯಲ್ಲಿ ವಾಸನೆ ಏಳುತ್ತಿದೆ. ಮೊದಲು ಮಾವು, ಆಮೇಲೆ ಹುಳಿ, ಆಮೇಲೆ ಯಾವ ಸಂಶಯಕ್ಕೂ ಎಡೆಯಿಲ್ಲದ ವಾಸನೆ.

ಮೇಡಂ ಮೂಗು ಅರಳಿಸಿದರು. "ಎನ್ನ ವಾಸನೈ?"

"ಪಂಚಗವ್ಯ," ಎಂದಳು ಅಮ್ಮ, ಹೆಮ್ಮೆಯಿಂದ. "ನಮ್ ಪೈಯ್ಯ ಮಾಡವ್ನೆ."

"ಅಪ್ಪಡಿಯಾ! ನಮ್ಮ ಮನೆ ತಾರಸಿಯಲ್ಲಿ ತೋಟ ಇದೆ. ಓಗುವಾಗ ಒಂದು ಬಾಟಲ್ ಕೊಡುಂಗ," ಎಂದರು ಮೇಡಂ ನನಗಾಗಿ ಅರೆಗನ್ನಡದಲ್ಲಿ.

ಸರ್ಕಾರಿ ಅಧಿಕಾರಿಯ ಕೈಗೆ ನನ್ನ ಕೈಯಿಂದಲೇ ಸಾಕ್ಷಿ! "ಇನ್ನೂ... ಅಣ್ಣಾಗಿಲ್ಲ ಮೇಡಂ."

ಆಗಲೇ ಸತ್ಯಾಳ ಭುಜ ಬೆಚ್ಚಿದ್ದನ್ನು ನೋಡಿದೆ. ಒಂದೇ ಕ್ಷಣ. ಎರಡು ಗುಂಡಿಗಳ ನಡುವೆ ಇರುವುದು ಮಣ್ಣಿನ ಗೋಡೆ. ಅದರಲ್ಲಿ ನಿಜವಾದ ಹೆಗ್ಗಣ ಎಂದೋ ಕೊರೆದ ಬಿಲವೊಂದಿತ್ತು. ನನ್ನ ಗುಂಡಿಯಲ್ಲಿ ಒಡೆದದ್ದೆಲ್ಲ ಬಿಲದಿಂದ ಅವಳ ಗುಂಡಿಗೆ ಹರಿಯುತ್ತಿತ್ತು. ಅವಳ ಪಾದಕ್ಕೆ ತಣ್ಣಗೆ, ಅಂಟಂಟಾಗಿ ಏನೋ ಸುತ್ತಿಕೊಳ್ಳುತ್ತಿತ್ತು. ಹಾವೋ, ಹೆಗ್ಗಣವೋ, ಏನೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಬೇರೆ ಯಾರಾದರೂ ಕಿರುಚಿ ಎದ್ದುಬಿಡುತ್ತಿದ್ದರು. ಅವಳು ಮೆಲ್ಲನೆ ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಅವಳಿಗೆ ಎಲ್ಲವೂ ತಿಳಿಯಿತು: ಡ್ರಮ್ಮು, ತುಳಸಿ, ಹೆಗ್ಗಣ, ಗ್ಯಾಸು, ಎಲ್ಲ. ಮತ್ತೆ ಮುಖ ತಿರುಗಿಸಿದಳು. ಟಕ್, ಟಕ್, ಟಕ್. ಲಾಳಿ ಒಂದು ತಾಳವನ್ನೂ ತಪ್ಪಲಿಲ್ಲ. ಬಿಯರಿನಲ್ಲಿ ಕಾಲಿಟ್ಟುಕೊಂಡೇ ನನ್ನ ಹೆಂಡತಿ ಪೆಡಲು ತುಳಿದಳು!

ನನಗೆ ನೆಲ ಬಿರಿದು ಒಳಗೆ ಹೋಗಬೇಕೆನಿಸಿತು. ಆದರೆ ಒಳಗೆ ಹೋಗುವ ಜಾಗದಲ್ಲೂ ಬಾಟಲಿಗಳಿದ್ದವು.

"ತಂಬೀ," ಎಂದರು ಮುರುಗೇಶನ್ ತಲೆ ಎತ್ತದೆ, "ಬಾ ಇಂಗೆ. ಆ ಕಿಟ್ಕಿ ಕದ ಇಡ್ಕೊ. ಬೆಳಕು ಸಾಲ್ದು."

ಏಳಬೇಕೇ? ಎದ್ದರೆ ಹಲಗೆಯ ಮೇಲೆ ಭಾರ ಇರುವುದಿಲ್ಲ.

"ಅಮ್ಮ ಇಡ್ಕೊಳ್ತಾರೆ..."

"ನಿಂಗೇನ್ಲಾ ರೋಗ? ಏಳು!" ಎಂದಳು ಅಮ್ಮ.

ಎದ್ದೆ. ಮೂರು ಹೆಜ್ಜೆ ಇಟ್ಟಿರಬೇಕು. ಹಿಂದಿನಿಂದ ದೀಪಾವಳಿ ಕೇಳಿಸಿತು! ಒಂದಕ್ಕೊಂದು ತಗುಲಿ ಬಾಟಲಿಗಳು ಸಾಲಾಗಿ ಸಿಡಿದವು. ಹಲಗೆಯ ಒಂದು ಅಂಚು ಮೇಲೆದ್ದಿತು, ಚಾಪೆ ಪಕ್ಕಕ್ಕೆ ಸರಿಯಿತು. ಸಂದಿಯಲ್ಲಿ ಒಂದೇ ಒಂದು ಬಾಟಲಿ ಒಡೆಯದೆ ವಾಲಿಕೊಂಡು ನಿಂತಿತ್ತು. ಕಪ್ಪು ಬಿಯರು. ಏರ್ಕಾಡ್ ಕಾಫಿ. ಅದರ ಕತ್ತು ನೇರವಾಗಿ ಬಿಳಿ ರೇಷ್ಮೆಯ ಕಡೆಗೆ ತಿರುಗಿತ್ತು, ಮುಚ್ಚಳ ಸೀಟಿ ಹೊಡೆಯುತ್ತಿತ್ತು.

ಸತ್ಯಾಗೆ ಗೊತ್ತಿಲ್ಲ. ಅವಳ ಕಣ್ಣು ಹೂವಿನ ಮೇಲೆ. ಕೂಗಿದರೆ ಅವಳ ಕೈ ನಿಲ್ಲುತ್ತದೆ. ನಾನೇ ಮಗ್ಗದ ಮೇಲೆ ಅಡ್ಡ ಬಿದ್ದರೆ ಎಳೆ ಹರಿಯುತ್ತದೆ. ಬಾಟಲಿಯನ್ನು ತಲುಪಲು ಸಮಯವಿಲ್ಲ. ಅಡ್ಡ ಹಿಡಿಯಲು ಬಟ್ಟೆ ಬೇಕು. ನೇಕಾರರ ಮನೆಯಲ್ಲಿ ಆ ಕ್ಷಣಕ್ಕೆ ಕೈಗೆ ಸಿಗುವಂಥ ಬಟ್ಟೆ ಒಂದೇ ಇತ್ತು, ಅದು ನನ್ನ ಸೊಂಟದಲ್ಲಿತ್ತು!

ಕಿತ್ತೆ. ಎರಡು ಕೈಯಲ್ಲಿ ಅಗಲಿಸಿ ಬಾಟಲಿಗೂ ಮಗ್ಗಕ್ಕೂ ನಡುವೆ ಪರದೆಯಂತೆ ಹಿಡಿದೆ. ಅಷ್ಟರಲ್ಲಿ ಮುಚ್ಚಳ ಹಾರಿತು. ಕಪ್ಪು ಧಾರೆ ಬುಸ್ಸೆಂದು ಬಂದು ನನ್ನ ವೇಷ್ಟಿಗೆ ಅಪ್ಪಳಿಸಿತು. ನಾನು ಪಟ್ಟೆಪಟ್ಟೆ ಚಡ್ಡಿಯಲ್ಲಿ, ತೋಳು ಚಾಚಿ, ಕಣ್ಣು ಮುಚ್ಚಿ ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಗದ್ದದಿಂದ ಬಿಯರು ಇಳಿಯುತ್ತಿತ್ತು. ಹಿಂದಿನಿಂದ ಮಾತ್ರ ಟಕ್, ಟಕ್, ಟಕ್. ಆಮೇಲೆ ಅದೂ ನಿಂತಿತು.

"ಮುಗೀತು," ಎಂದಳು ಸತ್ಯಾ. ಹೂವು ಮುಗಿದಿತ್ತು.

ಅಮ್ಮ ನೆಲಕ್ಕೆ ಬಿದ್ದಿದ್ದ ಬಾಟಲಿಯ ಕತ್ತನ್ನು ಎತ್ತಿ ಮೂಸಿದಳು. "ಪಂಚಗವ್ಯ ಅಲ್ಲ ಲಾ ಇದು! ನಿಮ್ ತಾತ ಸಂತೆಯಿಂದ ತೂರಾಡ್ತಾ ಬರೋವಾಗ ಇದೇ ವಾಸ್ನೆ ಬತ್ತಿತ್ತು!"

ಮೇಡಂ ಎದ್ದು ನಿಂತಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗುಂಡಿಯನ್ನು ನೋಡಿದರು, ನನ್ನನ್ನು ನೋಡಿದರು, ತಕ್ಷಣ ಗೋಡೆಯನ್ನು ನೋಡಿದರು. ಕೈಯಲ್ಲಿ ಫೋನು ಇತ್ತು. ಸತ್ಯಾಳ ಮುಖ ಅವಳು ನೇಯ್ದ ಬಟ್ಟೆಗಿಂತ ಬೆಳ್ಳಗಾಗಿತ್ತು. ಮನೆಯಲ್ಲಿ ಬಿಯರು ಕಾಯಿಸಿದವರಿಗೆ ಬಹುಮಾನ ಕೊಡುವ ಇಲಾಖೆ ಯಾವುದೂ ಇಲ್ಲ.

ಮುರುಗೇಶನ್ ಮಾತ್ರ ಇನ್ನೂ ಬಗ್ಗಿಕೊಂಡೇ ಇದ್ದರು. ಬೆರಳ ತುದಿಯಲ್ಲಿ ಹೂವನ್ನು ಸವರಿದರು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ಮತ್ತೆ ಈ ಕಡೆಗೆ.

"ಮೇಡಂ," ಎಂದರು, "ಒಂದ್ ಎಳೆ ಕದ್ಲಿಲ್ಲ. ಬಾಂಬ್ ಬಿದ್ರೂ ಈಯಮ್ಮ ತಾಳ ಬಿಡಾಕಿಲ್ಲ."

ಮೇಡಂ ಫೋನನ್ನು ಬ್ಯಾಗಿಗೆ ಹಾಕಿದರು. "ನಾನು ಬಟ್ಟೆ ನೋಡಲು ಬಂದವಳು, ಗುಂಡಿ ನೋಡಲು ಅಲ್ಲ," ಎಂದರು ತಮಿಳಿನಲ್ಲಿ, ಗೋಡೆಗೇ ಹೇಳುವಂತೆ. "ನಾನು ಟೀ ಕುಡಿದು ಮುಗಿಸುವಷ್ಟರಲ್ಲಿ ಅದರಲ್ಲಿ ಒಂದು ತೊಟ್ಟೂ ಇರಬಾರದು. ಮೊದಲು ಅವರಿಗೆ ಒಂದು ಬಟ್ಟೆ ಕೊಡಿ!"

ಅವರು ಟೀಯನ್ನು ಬಹಳ ನಿಧಾನವಾಗಿ ಕುಡಿದರು. ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಅಷ್ಟರಲ್ಲಿ ರಾಗಿ, ಮಾವು, ಕಾಫಿ ಎಲ್ಲವನ್ನೂ ಬಕೆಟ್ಟಿನಲ್ಲಿ ಮೊಗೆದು ಚರಂಡಿಗೆ ಸುರಿದೆ. ಅಮ್ಮ ಪೊರಕೆ ಹಿಡಿದು ಮೇಲ್ವಿಚಾರಣೆ ಮಾಡಿದಳು. ಪೊರಕೆ ಗಾಜು ಗುಡಿಸುವುದಕ್ಕೆ ಮಾತ್ರವಾಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಸತ್ಯಾ ಮಗ್ಗದ ಅಂಚಿನಲ್ಲಿ ಕೂತು ಕಾಲು ಒರೆಸಿಕೊಳ್ಳುತ್ತಿದ್ದಳು. ಪುಣ್ಯಕ್ಕೆ ಒಂದು ಗಾಯವೂ ಆಗಿರಲಿಲ್ಲ. ಪಕ್ಕದಲ್ಲಿ ಕೂತೆ. ಅವಳು ಬೈಯಲಿ ಎಂದು ಕಾದೆ.

"ನನ್ ಕಾಲಿಗೆ ಬಂದಿದ್ದು ಯಾವ್ದು?" ಎಂದು ಕೇಳಿದಳು.

"ಮೊದ್ಲು ಮಾವು. ಆಮೇಲೆ ರಾಗಿ."

"ಅಂಟ್ತೈತೆ."

"ಬೆಲ್ಲ ಜಾಸ್ತಿ ಆಗೋಯ್ತು." ಆಮೇಲೆ ಕೇಳಿದೆ: "ಯಾಕ್ ಏಳ್ಲಿಲ್ಲ ನೀನು? ಎದ್ರಿಕೆ ಆಗ್ಲಿಲ್ವಾ?"

"ಆಯ್ತು. ಮೊದ್ಲು ಆವು ಅನ್ಕೊಂಡೆ." ಅವಳು ವೇಷ್ಟಿಯ ಹೂವನ್ನು ನೋಡುತ್ತಾ ಹೇಳಿದಳು. "ಎದ್ದಿದ್ರೆ ಇದು ಓಗಿರೋದು. ಆವು ಕಚ್ಚಿದ್ರೆ ಆಸ್ಪತ್ರೆ ಐತೆ. ಇದ್ಕೆ ಯಾವ ಆಸ್ಪತ್ರೆ ಐತೆ?"

ಅಂದು ಸಂಜೆ ಅವಳ ಕಾಲು ತೊಳೆಯಲು ನಾನೇ ಬಿಸಿನೀರು ಕಾಯಿಸಿದೆ. ಯಾವ ಹಂಡೆಯಲ್ಲಿ ಎಂದು ಅವಳು ಎರಡು ಸಲ ಕೇಳಿದ ಮೇಲೆಯೇ ಕಾಲು ಇಟ್ಟಳು.

ಬಹುಮಾನ ಬಂತು. ಅದೂ ಮೊದಲನೆಯದು! ಸಮಾರಂಭಕ್ಕೆ ನಾನು ಇಸ್ತ್ರಿ ಮಾಡಿದ ಹೊಸ ವೇಷ್ಟಿ ಉಟ್ಟು, ಸೊಂಟಕ್ಕೆ ಬೆಲ್ಟನ್ನೂ ಬಿಗಿದು ಮುಂದಿನ ಸಾಲಿನಲ್ಲಿ ಕೂತೆ. ನಮ್ಮ ಬೀದಿಯವರೆಲ್ಲ ಬಂದಿದ್ದರು. ಸೆಲ್ವಂ ಕೂಡ ಹಿಂದಿನ ಸಾಲಿನಲ್ಲಿದ್ದ. ಕಲೈವಾಣಿ ಮೇಡಂ ಮೈಕಿನ ಮುಂದೆ ನಿಂತು ತೀರ್ಪುಗಾರರ ಮಾತನ್ನು ಓದಿದರು. "ಮನೆಯಲ್ಲಿ ಅತ್ಯಂತ ಪ್ರತಿಕೂಲ ಪರಿಸ್ಥಿತಿ ಇದ್ದರೂ ಕೈ ನಿಲ್ಲಿಸದೆ, ತಾಳ ತಪ್ಪದೆ ನೇಯ್ದ ನೇಕಾರ್ತಿ, ಶ್ರೀಮತಿ ಸತ್ಯಾ!"

ಚಪ್ಪಾಳೆ ಬಿತ್ತು. ನಾನೂ ಜೋರಾಗಿ ತಟ್ಟಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮರುಕದಿಂದ ನನ್ನ ಕಡೆ ಬಾಗಿ, "ಪಾವಂ! ಏನಂತೆ ಆ ಪರಿಸ್ಥಿತಿ? ಬಡತನವಾ, ಕಾಯಿಲೆಯಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಫೋಟೋದವನು ವೇದಿಕೆಯಿಂದ, "ಅಮ್ಮಾ, ಮನೆಯವರು ಯಾರಾದ್ರೂ ಬಂದಿದ್ದರೆ ಪಕ್ಕಕ್ಕೆ ಕರೀರಿ" ಎಂದ.

ಸತ್ಯಾ ಫಲಕವನ್ನು ಎದೆಗವಚಿಕೊಂಡು, ಮೈಕು ಇನ್ನೂ ಆನ್ ಇರುವುದನ್ನು ಗಮನಿಸದೆ, ಇಡೀ ಸೇಲಂಗೆ ಕೇಳಿಸುವಂತೆ ಕೂಗಿದಳು:

"ಬನ್ನಿ ಪರಿಸ್ಥಿತೀ, ಬಂದು ನಿಂತ್ಕೊಳ್ಳಿ!"